ಗುರುವಾರದ ಬೇರು

ಗಾಜಿನ ಜಾಡಿಯೊಳಗಿನ ಬಿಳಿ ಇಲಿ ಹೊಟ್ಟೆಯನ್ನು ಒಳಕ್ಕೆಳೆದುಕೊಂಡು, ಹಿಂಗಾಲೆರಡನ್ನೂ ಉದ್ದಕ್ಕೆ ಚಾಚಿ, ಹಿಂಡಿದ ಬಟ್ಟೆಯ ಹಾಗೆ ಮೈ ಹೊಸೆಯಿತು. ಅಫ್ರಾಕೋಮಾ ಕೈಯಲ್ಲಿದ್ದ ಎಣಿಕೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದಳು. ಮೂವತ್ತೇಳು. ಹೊಟ್ಟೆಗೆ ವಿನೆಗರಿನ ಸತ್ವ ಚುಚ್ಚಿಸಿಕೊಂಡ ಇಲಿ ಇಪ್ಪತ್ತು ನಿಮಿಷದಲ್ಲಿ ಎಷ್ಟು ಸಲ ಹೀಗೆ ಹೊಸೆಯುತ್ತದೆ ಎಂದು ಎಣಿಸುವುದು ಅವಳ ಕೆಲಸ. ಮದ್ದು ಕುಡಿದ ಇಲಿ ಕಡಿಮೆ ಹೊಸೆದರೆ ಆ ಮದ್ದಿಗೆ ನೋವು ತಗ್ಗಿಸುವ ಗುಣವಿದೆ ಎಂದು ಬರೆಯಬಹುದು. ಬರೀ ನೀರು ಕುಡಿದ ಇಲಿಯಷ್ಟೇ ಹೊಸೆದರೆ ಮದ್ದೂ ಒಂದೇ, ನೀರೂ ಒಂದೇ. ಮೂವತ್ತೆಂಟು. ಇದು ಮದ್ದು ಕುಡಿದ ಇಲಿ. ಮೂವತ್ತೊಂಬತ್ತು. ಎರಡು ತಿಂಗಳಿಂದ ಮದ್ದು ಕುಡಿದ ಇಲಿಗಳೆಲ್ಲ ಹೀಗೇ ಹೊಸೆಯುತ್ತಿವೆ. ಯಾಕೆ ಹೊಸೆಯುತ್ತಿವೆ ಎಂಬುದು ಈ ಕಟ್ಟಡದಲ್ಲಿ ಅವಳೊಬ್ಬಳಿಗೆ ಗೊತ್ತು. ಹೆಬ್ಬೆರಳು ಮಾತ್ರ ಯಾವ ಸಂಕೋಚವೂ ಇಲ್ಲದೆ ತನ್ನ ಪಾಡಿಗೆ ತಾನು ಒತ್ತುತ್ತಿತ್ತು. ಆ ಬೆರಳನ್ನು ಕಂಡರೆ ಅವಳಿಗೆ ಈಚೆಗೆ ಹೇಸಿಗೆ. ಭಾನುವಾರ ಚರ್ಚಿನಲ್ಲಿ ಪಾದ್ರಿ ಕೆಮ್ಮಿದರೆ ಸಾಕು, ಅದು ತೋರುಬೆರಳಿನ ಮೇಲೆ ಒತ್ತಿಕೊಳ್ಳುತ್ತದೆ. ಹೋದ ವಾರ ಟ್ರೋಟ್ರೋ ವ್ಯಾನಿನಲ್ಲಿ ಪಕ್ಕದ ಹೆಂಗಸಿನ ಮಡಿಲಿನ ಕೂಸು ಹೊಟ್ಟೆನೋವಿಗೋ ಏನೋ ಕಾಲು ಮಡಿಸಿ ಚಾಚಿ ಅಳುತ್ತಿತ್ತು. ಇಳಿಯುವಷ್ಟರಲ್ಲಿ ಅವಳು ಇಪ್ಪತ್ತಾರು ಎಣಿಸಿಬಿಟ್ಟಿದ್ದಳು. ತಾಯಿ ಅವಳ ಕಡೆ ನೋಡಿ ನಕ್ಕಿದ್ದಳು, ಮಗುವಿನ ಮೇಲೆ ಮರುಕ ತೋರಿಸುತ್ತಿದ್ದಾಳೆ ಅಂದುಕೊಂಡು.

ಇಸ್ಸಿಫು ಸೊಂಟದಿಂದ ಬಾಗಿಲು ನೂಕಿಕೊಂಡು ಒಳಗೆ ಬಂದ. ಪ್ರಾಣಿಗಳ ಕೋಣೆ ನೋಡಿಕೊಳ್ಳುವವನು, ಉತ್ತರದ ಒಣಸೀಮೆಯವನು, ನಿವೃತ್ತಿಗೆ ಮೂರು ವರ್ಷ ಉಳಿದವನು. ಅವನ ಬೆನ್ನಿಗೇ ಇಲಿಯ ಉಚ್ಚೆ ಕುಡಿದ ಮರದ ಹೊಟ್ಟಿನ ವಾಸನೆಯೂ ಒಳಗೆ ಬಂತು. ಎಣಿಸಿ ಮುಗಿದ ಇಲಿಗಳನ್ನು ಮುಗಿಸುವುದು ಅವನ ಪಾಲಿನದು. ಕುತ್ತಿಗೆಯ ಮೇಲೆ ಒಂದು ಪೆನ್ಸಿಲ್ ಅಡ್ಡ ಇಟ್ಟು, ಬಾಲ ಹಿಡಿದು ಒಮ್ಮೆ ಎಳೆಯುತ್ತಾನೆ. ಅದೇ ಪೆನ್ಸಿಲಿನಲ್ಲಿ ಪುಸ್ತಕದಲ್ಲಿ ಗೀಟು ಹಾಕುತ್ತಾನೆ, ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾನೆ.

"ಇವತ್ತು ಕುಣಿತ ಹೇಗಿದೆ ಮೇಡಂ?"

"ಹಾಗೇ ಇದೆ."

"ನಾಲ್ಕನೇ ಪಂಜರದವು ಮದ್ದು ಕುಡಿದಿವೆ ಅಂತೀರಿ. ನೀರು ಕುಡಿದವೇ ವಾಸಿ, ಇವು ಇನ್ನೂ ಜೋರಾಗಿ ಕುಣೀತಾವೆ. ನಿಮ್ಮ ಸೋದರಮಾವ ಮದುವೆ ಮನೆ ಮದ್ದೇನಾದ್ರೂ ಕೊಟ್ಟುಬಿಟ್ರಾ?"

ಅವಳು ನಗಲಿಲ್ಲ. ನಲವತ್ತು ಎಂದು ಬರೆದಳು. ಅವನು ಹೋಗಲಿಲ್ಲ. ಜಾಡಿಯ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಹೇಳಿದ.

"ಒಂದು ಮಾತು, ಪ್ರೊಫೆಸರಿಗೆ ಹೇಳಬೇಡಿ. ಹೋದ ವರ್ಷ ನೀವು ಮೊದಲ ಸಲ ತಂದ್ರಲ್ಲ, ಒಂದು ಸಣ್ಣ ಡಬ್ಬಿ ಪುಡಿ, ಅದರಲ್ಲಿ ತಳದಲ್ಲಿ ಉಳಿದದ್ದನ್ನ ನಾನು ಮನೆಗೆ ಒಯ್ದೆ. ಎಸೆಯೋದಕ್ಕೆ ಕೊಟ್ಟಿದ್ರಿ, ಎಸೀಲಿಲ್ಲ. ಈ ಮಂಡಿಗೆ ಹಚ್ಚಿದೆ, ಒಂದಿಷ್ಟು ಗಂಜಿಗೆ ಹಾಕಿ ಕುಡಿದೆ. ಒಂದು ತಿಂಗಳು ನಮಾಜಿಗೆ ಕೂತು ಏಳೋವಾಗ ಗೋಡೆ ಹಿಡಿದಿಲ್ಲ ನಾನು. ಈ ಸಲದ್ದನ್ನೂ ಒಂದು ಚಿಟಿಕೆ ಒಯ್ದೆ. ಇದು ಅದಲ್ಲ ಮೇಡಂ."

"ಸುಮ್ನಿರಿ ಇಸ್ಸಿಫು. ಕದ್ದು ತಿಂದದ್ದಲ್ಲದೆ ರುಚಿ ಬೇರೆ ಹೇಳ್ತೀರಾ?"

ಮಾತು ಬಾಯಿಂದ ಬಿದ್ದ ಮೇಲೆ ಅದರ ನಾತ ಅವಳಿಗೇ ಬಡಿಯಿತು. ಕಳ್ಳತನದ ಮಾತು ಆಡುವುದಕ್ಕೆ ತನಗಿಂತ ಯೋಗ್ಯರು ಯಾರಿದ್ದಾರೆ? ಇಸ್ಸಿಫು ಮುಖ ಚಿಕ್ಕದು ಮಾಡಿಕೊಂಡು, ಜಾಡಿಯಿಂದ ಇಲಿಯನ್ನು ಬಾಲ ಹಿಡಿದು ಎತ್ತಿಕೊಂಡು ಮೂಲೆಗೆ ಹೋದ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮಾವ ಕೊಟ್ಟ ಆ ಮೊದಲ ಡಬ್ಬಿಯ ಪುಡಿಯಲ್ಲಿ ಇಲಿಗಳು ಹನ್ನೆರಡು, ಹದಿಮೂರು ಸಲ ಹೊಸೆದು ಸುಮ್ಮನೆ ಮಲಗಿದ್ದವು. ಅಂಗಡಿಯ ನೋವಿನ ಮಾತ್ರೆ ನುಂಗಿದ ಇಲಿಗಳಿಗಿಂತ ಅವೇ ಶಾಂತವಾಗಿದ್ದವು. ಪಾದಕ್ಕೆ ಚುಚ್ಚಿ ಊದಿಸಿದ್ದ ಹೆಗ್ಗಣಗಳ ಊತ ಸಂಜೆಯೊಳಗೆ ಇಳಿದಿತ್ತು. ಪ್ರೊಫೆಸರ್ ಅಗ್ಯೇಕುಮ್ ಆ ದಿನ ಅವಳ ಬೆನ್ನು ತಟ್ಟಿ, ನಿನ್ನ ಮಾವನ ತಲೆಯೊಳಗೆ ಒಂದು ಇಡೀ ಇಲಾಖೆ ಇದೆ ಕಣಮ್ಮ, ಅಂದಿದ್ದರು. ಮಾವನಿಗೆ ಪರವಾನಗಿ ಕೊಡಿಸುವ ಮಾತೂ ಅವತ್ತೇ ಎದ್ದದ್ದು. ಊರಿನ ರಸ್ತೆಬದಿಯಲ್ಲಿ ಬೋರ್ಡು ಹಾಕಿಕೊಂಡು ನಲವತ್ತು ವರ್ಷದಿಂದ ಕೀಲುನೋವಿನವರನ್ನು ನಡೆಸಿ ಕಳಿಸುತ್ತಿದ್ದವನು ಇನ್ನು ಮುಂದೆ ಸರ್ಕಾರದ ಕಾಗದವಿಲ್ಲದೆ ಮದ್ದು ಕೊಡುವಂತಿಲ್ಲ. ಕಾಗದ ಬರಬೇಕಾದರೆ ದೊಡ್ಡ ಪರೀಕ್ಷೆ ಆಗಬೇಕು. ದೊಡ್ಡ ಪರೀಕ್ಷೆಗೆ ಒಂದು ಮೂಟೆ ಬೇರು ಬೇಕು. ವಿಶ್ವವಿದ್ಯಾಲಯದ ವ್ಯಾನು ಬಿಡುವಾಗಿ ಸಿಕ್ಕಿದ್ದು ಒಂದು ಗುರುವಾರ.

ಗುರುವಾರ ಯಾರೂ ಮಣ್ಣಿಗೆ ಕೈ ಹಾಕುವುದಿಲ್ಲ. ಅದು ಭೂಮಿತಾಯಿಯ ದಿನ, ಅವಳು ಮಲಗುವ ದಿನ. ಹಲಗೆಯಂತೆ ಗಟ್ಟಿಯಾದ ನೆಲದಲ್ಲಿ ಗೆಣಸು ನೆಟ್ಟವನೂ ಆ ದಿನ ಗುದ್ದಲಿಯನ್ನು ಗೋಡೆಗೆ ಒರಗಿಸಿಟ್ಟು ಜಗಲಿಯ ಮೇಲೆ ಕೂರುತ್ತಾನೆ. ಅಫ್ರಾಕೋಮಾಳಿಗೆ ಅದು ಗೊತ್ತಿರಲಿಲ್ಲವೇ? ಮಾವನ ಮನೆಯಲ್ಲೇ ಬೆಳೆದವಳು. ಅವಳ ಜನದಲ್ಲಿ ಮಕ್ಕಳಿಗೆ ಅಪ್ಪನಿಗಿಂತ ಸೋದರಮಾವನೇ ಹೆಚ್ಚು, ಮಾವನೇ ಸ್ಲೇಟು ಕೊಡಿಸಿ ಶಾಲೆಗೆ ಬಿಟ್ಟವನು. ಆದರೆ ಪ್ರೊಫೆಸರ್ ಮುಂದೆ ನಿಂತು, ಸರ್, ಗುರುವಾರ ಭೂಮಿ ಮಲಗಿರುತ್ತದೆ, ಶುಕ್ರವಾರ ವ್ಯಾನು ಕೊಡಿ, ಎನ್ನಲು ನಾಚಿಕೆಯಾಯಿತು. ಪ್ರೊಫೆಸರ್ ಕೂಡ ಅದೇ ಸೀಮೆಯವರು, ಅವರ ತಾಯಿಯೂ ಗುರುವಾರ ಕಳೆ ಕೀಳದವಳೇ ಇರಬೇಕು. ಇಬ್ಬರೂ ಬಿಳಿಯ ಕೋಟು ಹಾಕಿಕೊಂಡು ಒಬ್ಬರ ಮುಂದೊಬ್ಬರು ಅದನ್ನು ಮರೆತವರಂತೆ ನಿಂತಿದ್ದರು.

ಆ ಗುರುವಾರ ಅವಳು ಊರಿಗೆ ಹೋದಾಗ ಮಾವ ಡ್ವೊಮೊ ಜಗಲಿಯ ಮೇಲೆ ಒಬ್ಬ ಮುದುಕಿಯ ಮಂಡಿಗೆ ಸೊಪ್ಪಿನ ಲೇಪ ಮೆತ್ತುತ್ತಿದ್ದ. ಮಂಡಿ ಪಪ್ಪಾಯಿಯಷ್ಟು ಊದಿತ್ತು, ಲೇಪದ ಅಂಚಿನಲ್ಲಿ ನೊಣ ಕೂತಿತ್ತು, ಮುದುಕಿ ನೊಣ ಓಡಿಸುವ ಗೋಜಿಗೂ ಹೋಗದೆ ಅಫ್ರಾಕೋಮಾಳನ್ನು ಮೇಲಿಂದ ಕೆಳಗೆ ನೋಡಿ, ಇವಳಿಗೆ ಇನ್ನೂ ಮಕ್ಕಳಾಗಲಿಲ್ವಾ ಡ್ವೊಮೊ, ನಿನ್ನ ಮದ್ದೆಲ್ಲ ಊರವರಿಗೇನಾ, ಎಂದು ಕೇಳಿದಳು. ಮಾವ ಕೈ ಒರೆಸಿಕೊಂಡು, ನಕ್ಕು, ಅವಳ ಮಾತಿಗೆಲ್ಲ ಕಿವಿಗೊಡಬೇಡ ಎಂದ. ವಿಷಯ ಕೇಳಿ ಮಾತ್ರ ತಲೆಯಾಡಿಸಿದ.

"ಇವತ್ತು ಆಗಲ್ಲ ತಾಯಿ. ಯಾವ ದಿನ ಅಂತ ನಿನಗೆ ನಾನು ಹೇಳಿಕೊಡಬೇಕಾ?"

"ವ್ಯಾನು ಇವತ್ತೇ ವಾಪಸು ಹೋಗಬೇಕು ಮಾವ."

"ವ್ಯಾನು ಹೋಗಲಿ ಬಿಡು, ಅದಕ್ಕೇನು ಇಲ್ಲಿ ನೆಂಟಸ್ತಿಕೆಯಾ? ನೀನು ಇರು. ರಾತ್ರಿ ಉಂಡು ಮಲಗು, ನಾಳೆ ಬೆಳಗಾಗುತ್ತಲೇ ನಾನೇ ಅಗೀತೀನಿ, ಮೂಟೆ ಕಟ್ಟಿ ನಾನೇ ಟ್ರೋಟ್ರೋಗೆ ಹಾಕಿ ಕೊಡ್ತೀನಿ."

ಎಷ್ಟು ಸುಲಭವಾಗಿತ್ತು. ಒಂದು ರಾತ್ರಿ. ಆದರೆ ಆ ಒಳಮನೆಯ ಹಾಸಿಗೆ ಅವಳ ಕಣ್ಣಿಗೆ ಕಟ್ಟಿತು: ಹತ್ತು ವರ್ಷ ಅವಳು ಮಲಗಿದ್ದ ಹಾಸಿಗೆ, ಈಗ ದೂರದಿಂದ ಬಂದ ರೋಗಿಗಳು ಮಲಗುವ ಹಾಸಿಗೆ, ಬೇಯಿಸಿದ ಬೇರಿನ, ನಶ್ಯದ, ಮೈಗೆ ಹಚ್ಚುವ ಶಿಯಾ ಬೆಣ್ಣೆಯ, ಯಾರದೋ ಹುಣ್ಣಿನ ವಾಸನೆ ಕುಡಿದ ದಿಂಬು. ಬೆಳಿಗ್ಗೆ ಎದ್ದರೆ ಹೆಂಗಸರು ಸುತ್ತ ಕೂತು ಅವಳ ಹೊಟ್ಟೆಯ ಸಮಾಚಾರ ಕೇಳುತ್ತಾರೆ. ಅವಳಿಗೆ ಅಸಹ್ಯವಾಯಿತು. ಬರೀ ಅಸಹ್ಯ. ದೊಡ್ಡ ಕಾರಣವೇನಾದರೂ ಇದ್ದಿದ್ದರೆ ಈಗ ಅದನ್ನು ಹಿಡಿದುಕೊಂಡಾದರೂ ಕೂರಬಹುದಿತ್ತು. ಒಂದು ದಿಂಬಿನ ವಾಸನೆಗೆ ಹೆದರಿ ಅವಳು, ಇನ್ನೊಂದು ಸಲ ಬರ್ತೀನಿ ಮಾವ, ಎಂದು ಸುಳ್ಳು ಹೇಳಿ ಹೊರಟಳು. ಮಾವ ಪಕ್ಕದ ಹಳ್ಳಿಯ ರೋಗಿಯನ್ನು ನೋಡಲು ಹೋದ. ಅವನು ತಿರುವು ದಾಟುವವರೆಗೆ ಕಾದಿದ್ದು, ಬೇಲಿಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು ಕೋಕೋ ತೋಟದ ಅಂಚಿಗೆ ನಡೆದಳು. ಚಿಕ್ಕವಳಿದ್ದಾಗಿನಿಂದ ಅವಳಿಗೆ ಆ ಗಿಡ ಗೊತ್ತು. ಕಾಂಡದ ತುಂಬ ಮುಳ್ಳು, ಒಳಗೆ ಅರಿಸಿನದಂಥ ಹಳದಿ. ಬೇರಿನ ಒಂದು ಚೂರು ನಾಲಿಗೆಯ ತುದಿಗಿಟ್ಟರೆ ಸಾಕು, ನಾಲಿಗೆ ಜುಮ್ಮೆಂದು ಎದ್ದು ಕುಣಿಯುತ್ತದೆ, ಆಮೇಲೆ ಮರಗಟ್ಟುತ್ತದೆ. ಮೂರು ಏಟು ಹಾಕಿದಳು. ಪ್ರತಿ ಏಟಿಗೂ ಒಮ್ಮೆ ಹಿಂದೆ ತಿರುಗಿ ನೋಡಿದಳು. ಭೂಮಿತಾಯಿಗೆ ಹೆದರಿ ನಿಲ್ಲಿಸಿದ್ದಾಗಿದ್ದರೆ ಅದಕ್ಕೂ ಒಂದು ಮರ್ಯಾದೆ ಇರುತ್ತಿತ್ತು. ನೆಲ ಕಲ್ಲಿನಂತಿತ್ತು, ಕೆಂಪಿರುವೆ ಚಪ್ಪಲಿಯೊಳಗೆ ನುಗ್ಗಿದವು, ಮುಳ್ಳು ಮೊಣಕೈ ಗೀರಿತು, ಅತ್ತ ಡ್ರೈವರ್ ಹಾರನ್ ಹೊಡೆಯುತ್ತಲೇ ಇದ್ದ. ಅಗೆಯುವುದನ್ನು ಬಿಟ್ಟು, ಗುದ್ದಲಿಯನ್ನು ಅವಸರದಲ್ಲಿ ಬೇಲಿಯ ಇನ್ನೊಂದು ಕಡೆ ಒರಗಿಸಿಟ್ಟು ವ್ಯಾನು ಹತ್ತಿದಳು. ದಾರಿಯ ಪೇಟೆಯೊಂದರಲ್ಲಿ ಬೇರು ತೊಗಟೆಗಳ ರಾಶಿಯ ಹಿಂದೆ ಕೂತಿದ್ದ ದಪ್ಪನೆಯ ಹೆಂಗಸು, ಅದೇ ಇದು, ಕಣ್ಣು ಬಿಟ್ಟು ನೋಡಕ್ಕ, ಎಷ್ಟು ಹಳದಿ ಇದೆ, ಎಂದು ಒಂದು ಮೂಟೆ ತುಂಬಿ ಕೊಟ್ಟಳು.

ವ್ಯಾನಿನಲ್ಲಿ ಒಂದು ಚೂರು ನಾಲಿಗೆಗಿಟ್ಟು ನೋಡಿದ್ದಳು. ಕಹಿ. ಕಾದಳು. ವಿಶ್ವವಿದ್ಯಾಲಯವಿದ್ದ ಕುಮಾಸಿ ನಗರದ ದೀಪಗಳು ಕಾಣುವವರೆಗೂ ನಾಲಿಗೆ ಜುಮ್ಮೆನ್ನಲೆಂದು ಕಾಯುತ್ತಲೇ ಇದ್ದಳು. ಹಳೆಯ ಬೇರಿರಬೇಕು, ಒಣಗಿರಬೇಕು, ಕುದಿಸಿದರೆ ಸತ್ವ ಇಳಿಯುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಸಸ್ಯಶಾಸ್ತ್ರದವರ ಬಳಿ ಮೊದಲ ಸಲವೇ ಮಾವನ ಗಿಡದ ಎಲೆ, ಹೂವು ಒಣಗಿಸಿ ಅಂಟಿಸಿಟ್ಟದ್ದಿತ್ತು, ಅದರ ಮೇಲೆ ಹೆಸರು ಬರೆದು ಮೊಹರು ಒತ್ತಿದ್ದರು. ಮೂಟೆಯಲ್ಲಿ ಏನಿದೆ ಎಂದು ಯಾರು ಕೇಳುತ್ತಾರೆ? ಮಾವನಿಗೆ, ಬೇರು ಸಿಕ್ಕಿತು, ಕೆಲಸ ಶುರುವಾಗಿದೆ, ಎಂದು ಫೋನು ಮಾಡಿ ಹೇಳಿದಳು. ಆ ಕಡೆ ಮಾವ, ಯಾವತ್ತು ಸಿಕ್ಕಿತು ಎಂದೂ ಕೇಳದೆ, ಹೂಂ, ಅಂದಿದ್ದ.

"ಇನ್ನೊಂದು ಬಿಡಲಾ?" ಇಸ್ಸಿಫು ಮೂಲೆಯಿಂದ ಕೇಳಿದ. ಮುನಿಸು ದನಿಯಲ್ಲಿತ್ತು. ಅವಳು ಬೇಡ ಎನ್ನುವಷ್ಟರಲ್ಲಿ ಪ್ರೊಫೆಸರ್ ಬಾಗಿಲಿಗೆ ಬಂದು, ನಿನ್ನ ಮಾವ ಬಂದಿದ್ದಾರೆ, ಬಾ, ಎಂದರು. ಸತ್ತ ಇಲಿಗಳು ತಟ್ಟೆಯಲ್ಲಿ ಒಂದರ ಪಕ್ಕ ಒಂದು ಮಲಗಿದ್ದವು. ಇನ್ನೂರ ನಲವತ್ತು ಇಲಿಗಳು ಹೀಗೆ ಹೋಗಿದ್ದವು, ಪೇಟೆಯ ಕಹಿ ಕುಡಿದು, ಯಾವುದಕ್ಕೂ ಅಲ್ಲದೆ. ಕೈಗವಸು ಕಿತ್ತು ಎಸೆದು ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ವಿನೆಗರಿನ ಹುಳಿ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು.

ಪ್ರೊಫೆಸರ್ ಕೋಣೆಯಲ್ಲಿ ಮಾವ ಕುರ್ಚಿಯ ತುದಿಯಲ್ಲಿ ಕೂತಿದ್ದ. ಶವಸಂಸ್ಕಾರಕ್ಕೂ ದೊರೆಯ ಮನೆಗೂ ಮಾತ್ರ ಉಡುವ ಬಟ್ಟೆಯನ್ನು ಎಡಹೆಗಲ ಮೇಲೆ ಹೊದ್ದು ಬಂದಿದ್ದ. ಬಟ್ಟೆಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಎಷ್ಟು ಮುದುಕನಾಗಿಬಿಟ್ಟಿದ್ದ. ಕಣ್ಣ ಕೆಳಗೆ ಚೀಲ ಇಳಿದಿತ್ತು, ಎದೆಯ ಮೇಲಿನ ಬಿಳಿ ಕೂದಲು ಕಾಣುತ್ತಿತ್ತು. ಅವಳು ಬಗ್ಗಿ ಕೈ ಕೊಟ್ಟಳು. ಆ ಕೈಯ ಒರಟು, ಉಗುರಿನಲ್ಲಿ ಎಂದೂ ಹೋಗದ ಹಳದಿ ಕಲೆ, ಎಲ್ಲ ಅವಳ ಅಂಗೈಗೆ ಅಂಟಿದಂತಾಗಿ ಬೇಗ ಬಿಟ್ಟಳು. ಬಿಟ್ಟದ್ದು ಅವನಿಗೆ ಗೊತ್ತಾಯಿತು ಎಂದೂ ಗೊತ್ತಾಯಿತು. ಪ್ರೊಫೆಸರ್ ತಾವೇ ನೀರು ತಂದುಕೊಟ್ಟರು. ಮಾವ ಭೂಮಿತಾಯಿಗೆಂದು ಎರಡು ಹನಿ ನೆಲಕ್ಕೆ ಬಿಟ್ಟು ಉಳಿದದ್ದನ್ನು ಕುಡಿದ. ಟೈಲ್ಸಿನ ಮೇಲೆ ಆ ಎರಡು ಹನಿ ಇಂಗಲು ಜಾಗವಿಲ್ಲದೆ ಹಾಗೇ ನಿಂತವು.

"ನೀರಾಯಿತು. ಇನ್ನು ಬಂದ ಸಮಾಚಾರ ಹೇಳಿ ಯಜಮಾನರೇ," ಎಂದರು ಪ್ರೊಫೆಸರ್. ಬರಹೇಳಿದವರು ಅವರೇ ಆದರೂ ವಾಡಿಕೆಯಂತೆ ಕೇಳಲೇಬೇಕಾದ ಮಾತು, ಅದಕ್ಕೆ ಮಾವನದೂ ವಾಡಿಕೆಯ ಉತ್ತರ.

"ಇಲ್ಲಿ ತಂಪಾಗಿದೆ. ನಾನು ಕೆಟ್ಟದ್ದೇನೂ ಹೊತ್ತು ತಂದಿಲ್ಲ. ನೀವು ಬಾ ಅಂದಿರಿ, ಬಂದೆ. ಸಮಾಚಾರ ನಿಮ್ಮ ಹತ್ತಿರವೇ ಇದೆ ಮೇಷ್ಟ್ರೇ."

ಪ್ರೊಫೆಸರ್ ಅಗ್ಯೇಕುಮ್ ಕನ್ನಡಕ ತೆಗೆದು ಒರೆಸಿದರು. ಒಳ್ಳೆಯ ಮನುಷ್ಯ. ಕೆಟ್ಟ ಸುದ್ದಿಯನ್ನು ಬಿಸಿಬಿಸಿ ಗೆಣಸಿನಂತೆ ಕೈಯಿಂದ ಕೈಗೆ ಹಾಕಿಕೊಂಡು ಕೊಡುವವರು.

"ಬೇಜಾರು ಮಾಡ್ಕೋಬೇಡಿ. ನಿಮ್ಮ ಮದ್ದಿನಲ್ಲಿ ನಮಗೆ ಏನೂ ಸಿಗಲಿಲ್ಲ."

"ಏನೂ ಅಂದ್ರೆ?"

"ನೋವು ಇಳೀಲಿಲ್ಲ. ಊತಾನೂ ಇಳೀಲಿಲ್ಲ."

"ಯಾರದು?"

"ಇಲಿಗಳದ್ದು."

ಮಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಇಳೀಲಿಲ್ಲ ಅಂತ ಇಲಿಗಳು ಹೇಗೆ ಹೇಳಿದವು?" ಎಂದು ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ. ನಲವತ್ತು ವರ್ಷ ರೋಗಿಯ ಬಾಯಿಂದಲೇ ನೋವು ಕೇಳಿ ತಿಳಿದವನು. ಪ್ರೊಫೆಸರ್ ನಕ್ಕರು. ಆ ನಗೆಗೆ ಅಫ್ರಾಕೋಮಾಳ ಕಿವಿ ಬಿಸಿಯಾಯಿತು.

"ಹೇಳಿದ ಹಾಗೇ ಅಂದ್ಕೊಳ್ಳಿ. ನಿಮ್ಮ ತಂಗಿ ಮಗಳೇ ಕೂತು ಒಂದೊಂದನ್ನೂ ಎಣಿಸಿದಾಳೆ. ಇವಳಷ್ಟು ಪ್ರಾಮಾಣಿಕವಾಗಿ ಎಣಿಸೋರು ನನ್ನ ಹತ್ತಿರ ಯಾರೂ ಇಲ್ಲ. ಸ್ವಂತ ಮಾವನ ಮದ್ದು ಅಂತ ಒಂದು ಅಂಕಿ ಆ ಕಡೆ ಈ ಕಡೆ ಮಾಡಿಲ್ಲ ನೋಡಿ."

ಅವಳು ಕಪಾಟಿನ ಗಾಜಿನಲ್ಲಿ ತನ್ನ ಮುಖ ನೋಡಿದಳು. ಪ್ರಾಮಾಣಿಕ ಹುಡುಗಿಯ ಮುಖವೊಂದು, ಕಣ್ಣು ತಗ್ಗಿಸಿ, ಹೊಗಳಿಕೆಗೆ ನಾಚಿದಂತೆ ನಿಂತಿತ್ತು. ಅದನ್ನು ಉಗುರಿನಿಂದ ಕೆರೆದು ಹಾಕಬೇಕೆನಿಸಿತು. ಪ್ರೊಫೆಸರ್ ಹೇಳುತ್ತಿದ್ದರು: ಮೊದಲ ಸಲದ್ದು ಸಣ್ಣ ಪರೀಕ್ಷೆ, ಅದು ಆಕಸ್ಮಿಕ ಇರಬಹುದು. ಪರವಾನಗಿಯವರಿಗೆ ಇದನ್ನೇ ಕಳಿಸಬೇಕಾಗುತ್ತದೆ. ಬೋರ್ಡು ತೆಗೆಯಬೇಕಾಗುತ್ತದೆ. ಮನೆಯವರಿಗೆ, ನೆಂಟರಿಷ್ಟರಿಗೆ ಕೊಟ್ಟರೆ ಯಾರೂ ಕೇಳುವುದಿಲ್ಲ, ಆದರೆ ಮದ್ದು ಎಂದು ಹೇಳಿ ಕೊಡುವಂತಿಲ್ಲ. ಮಾವ ಪ್ರತಿ ಮಾತಿಗೂ ಹೂಂ ಎನ್ನುತ್ತಿದ್ದ. ಕೊನೆಗೆ, ನನ್ನ ಹತ್ತಿರ ನಾಲ್ಕು ಜನ ಹೊತ್ತು ತಂದವರು ನಡಕೊಂಡು ಹೋಗಿದಾರಲ್ಲ ಮೇಷ್ಟ್ರೇ, ಅಂದ. ಪ್ರೊಫೆಸರ್, ಇರಬಹುದು, ಕೆಲವರಿಗೆ ತಾನಾಗೇ ವಾಸಿಯಾಗುತ್ತೆ, ಎಂದರು. ಅದಕ್ಕೂ ಮಾವ ಹೂಂ ಅಂದ.

"ಒಂದು ಹೆಬ್ಬೆಟ್ಟು ಬೇಕು," ಪ್ರೊಫೆಸರ್ ಕಾಗದ ಮುಂದಿಟ್ಟರು. "ನಾವು ಪರೀಕ್ಷೆ ಮಾಡಿದ್ದು ನಿಮ್ಮ ಗಿಡದ್ದೇ ಅಂತ ನೀವು ಒಪ್ಪಬೇಕು. ನೋಡಿ ಹೇಳಿ, ಆಮೇಲೆ ಹಾಕಿ." ಕಪಾಟಿನಿಂದ ಜಾಡಿ ತೆಗೆದು, ಮುಚ್ಚಳ ತಿರುವಿ, ಹಳದಿ ಚೂರುಗಳನ್ನು ಒಂದು ತಟ್ಟೆಗೆ ಸುರಿದರು. ಇದು ಇವತ್ತೇ ಇದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಾವ ಒಂದು ಚೂರನ್ನು ಎತ್ತಿಕೊಂಡ. ಬೆಳಕಿಗೆ ಹಿಡಿದ. ಉಗುರಿನಿಂದ ತೊಗಟೆ ಕೆರೆದ. ಮೂಸಿದ. ಆಮೇಲೆ ಬಾಯಿ ತೆರೆದು ನಾಲಿಗೆ ಹೊರಗೆ ಹಾಕಿ ಅದರ ತುದಿಯ ಮೇಲೆ ಇಟ್ಟುಕೊಂಡ. ಬಿಳಿಯ ಲೋಳೆ ಕಟ್ಟಿದ, ನಡುವೆ ಬಿರುಕು ಬಿಟ್ಟ ಮುದಿ ನಾಲಿಗೆ. ಅದನ್ನು ನೋಡಲು ಅವಳಿಗೆ ಹೇಸಿಗೆ, ನೋಡದಿರಲು ಭಯ. ಮಾವ ಕಣ್ಣು ಮುಚ್ಚಿ ಕಾದ. ಹೊರಗೆ ಯಾರೋ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದರು. ಸರ್, ಇದು ನಮ್ಮ ಮಾವನದಲ್ಲ, ಪೇಟೆಯಲ್ಲಿ ಕೊಂಡದ್ದು. ಇಷ್ಟೇ ಹೇಳಬೇಕಾದದ್ದು. ಹೇಳಿದರೆ ಎರಡು ತಿಂಗಳ ಕೆಲಸ ಹೋಗುತ್ತದೆ, ಅವಳ ಹೆಸರು ಹೋಗುತ್ತದೆ, ಮಾಡುತ್ತಿರುವ ಡಾಕ್ಟರೇಟ್ ಹೋಗುತ್ತದೆ. ಹೇಳದಿದ್ದರೆ ಈ ಮುದುಕನದು ಹೋಗುತ್ತದೆ. ಅವಳ ಹೆಬ್ಬೆರಳು ತೋರುಬೆರಳಿನ ಮೇಲೆ ಒತ್ತಿಕೊಳ್ಳುತ್ತಿತ್ತು. ಹನ್ನೊಂದು. ಹನ್ನೆರಡು. ಅವನೇ ಹೇಳಿಬಿಡಲಿ ಎಂದು ಅವಳು ಆಸೆಪಟ್ಟಳು. ಅವನ ಬಾಯಿಂದಲೇ ಬಂದುಬಿಡಲಿ, ಆಮೇಲೆ ತಾನು ಅತ್ತುಬಿಡಬಹುದು. ಆ ಆಸೆಯೂ ಎಷ್ಟು ಹೊಲಸು, ಸತ್ಯ ಹೇಳುವ ಕೆಲಸವನ್ನೂ ಮುದುಕನ ತಲೆಗೇ ಕಟ್ಟುವುದು.

ಮಾವ ಕಣ್ಣು ತೆರೆದು ಅವಳನ್ನು ನೋಡಿದ. ಪ್ರೊಫೆಸರನ್ನು ನೋಡಲಿಲ್ಲ. ಬಾಯಲ್ಲಿದ್ದದ್ದನ್ನು ಉಗಿಯಲಿಲ್ಲ, ನುಂಗಿದ.

"ನಂದೇ," ಅಂದ.

"ಖಂಡಿತಾನಾ? ಅವಸರ ಏನಿಲ್ಲ."

"ಅಷ್ಟು ವರ್ಷ ಅಗೆದವನಿಗೆ ಗೊತ್ತಾಗಲ್ವಾ ಮೇಷ್ಟ್ರೇ? ನಾನೇ ಕೊಟ್ಟದ್ದು. ಎಲ್ಲಿಗೆ ಒತ್ತಬೇಕು, ತೋರಿಸಿ."

ಹೆಬ್ಬೆಟ್ಟಿಗೆ ನೇರಳೆ ಶಾಯಿ ಬಳಿದವಳು ಅವಳೇ. ಕಾಗದದ ಮೇಲೆ ಅವನ ಬೆರಳನ್ನು ಹಿಡಿದು ಒತ್ತಿಸಿದವಳೂ ಅವಳೇ. ಗೆರೆಗಳೆಲ್ಲ ಸವೆದುಹೋಗಿ ಬರೀ ಒಂದು ಮಸಿ ಮುದ್ದೆ ಬಿತ್ತು. ಇನ್ನೊಂದು ಸಲ ಒತ್ತಿ ಎಂದರು ಪ್ರೊಫೆಸರ್. ಒತ್ತಿದರು. ಪ್ರೊಫೆಸರ್ ಎದ್ದು ನಿಂತು ಎರಡೂ ಕೈಯಲ್ಲಿ ಮುದುಕನ ಕೈ ಕುಲುಕಿ, ನಿಮ್ಮಂಥ ದೊಡ್ಡ ಮನಸ್ಸು ನಾನು ನೋಡಿಲ್ಲ, ಬೇರೆಯವರು ಇಲ್ಲಿ ಕೂತು ನನ್ನ ಮೇಲೇ ಜಗಳಕ್ಕೆ ಬೀಳ್ತಾರೆ, ಎಂದರು. ಕೆಲಸ ಮುಗಿಯಿತು. ಅವಳ ಕಾಲಿನಿಂದ ಮೇಲಕ್ಕೆ ಒಂದು ಹಗುರ ಏರಿ ಬಂತು. ಸ್ನಾನ ಮಾಡಿದಂಥ, ಜ್ವರ ಬಿಟ್ಟಂಥ ಹಗುರ. ಉಳಿದುಕೊಂಡೆ, ಎಂದು ಅದು ಹೇಳುತ್ತಿತ್ತು. ಇಂಥ ಸುಖ ತನ್ನೊಳಗೆ ಹುಟ್ಟಬಹುದು ಎಂದು ಗೊತ್ತಾದದ್ದಕ್ಕಿಂತ ದೊಡ್ಡ ಅಸಹ್ಯ ಅವಳಿಗೆ ಇಲ್ಲಿಯವರೆಗೆ ಆಗಿರಲಿಲ್ಲ.

ಇಬ್ಬರೂ ಗೇಟಿನ ಕಡೆ ನಡೆದರು. ಬಿಸಿಲಿಗೆ ಡಾಂಬರು ಮೆತ್ತಗಾಗಿತ್ತು. ಮಾವ ಬಟ್ಟೆಯ ಅಂಚನ್ನು ಎತ್ತಿ ಹಿಡಿದು, ನೇರಳೆಯಾದ ಹೆಬ್ಬೆರಳು ಬಟ್ಟೆಗೆ ತಾಗದಂತೆ ದೂರ ಮಾಡಿಕೊಂಡು ನಡೆಯುತ್ತಿದ್ದ. ಟ್ರೋಟ್ರೋ ನಿಲ್ಲುವಲ್ಲಿ ಬೇವಿನ ಮರದ ನೆರಳಿಗೆ ಬಂದು ನಿಂತ.

"ಅದು ಪೇಟೆ ಮಾಲು," ಅಂದ, ತೀರ ಸಹಜವಾಗಿ.

"ಹೂಂ," ಅಂದಳು.

"ಕಹಿ ಇದೆ, ಅಷ್ಟೇ. ನಾಲಿಗೆ ಎದ್ದೇಳಲಿಲ್ಲ."

"ಮಾವ, ಮತ್ತೆ ನೀವು ಯಾಕೆ..."

"ಯಾಕೆ ಅಂದ್ರೆ? ಅವರ ಕೋಣೇಲಿ ಕೂತು ನನ್ನ ತಂಗಿ ಮಗಳು ಸುಳ್ಳಿ ಅಂತ ನಾನು ಹೇಳ್ಲಾ? ನಿನ್ನಮ್ಮ ಮಣ್ಣೊಳಗಿಂದ ಎದ್ದು ಬಂದು ನನ್ನ ಕೆನ್ನೆಗೆ ಹೊಡೀತಾಳೆ." ಅವನು ಬಯ್ಯುತ್ತಾನೆ ಎಂದು ಅವಳು ತಲೆ ತಗ್ಗಿಸಿದಳು. ಬಯ್ದರೆ ಎಷ್ಟೋ ವಾಸಿ. ಕಣ್ಣೆತ್ತಿ ನೋಡಿದರೆ ಮುದುಕನ ಮುಖ ಅರಳಿತ್ತು. ಬೆಳಿಗ್ಗೆಯಿಂದ ಇದ್ದ ಮುದಿತನ ಅರ್ಧ ಇಳಿದುಹೋಗಿತ್ತು.

"ಈಗ ನನಗೆ ಜೀವ ಬಂತು ನೋಡು. ಆವತ್ತು ಆ ಊರಿಂದ ವಾಪಸು ಬಂದೆ. ಗಿಡದ ಬುಡದಲ್ಲಿ ಮಣ್ಣು ಕೆದರಿತ್ತು. ಎದೆ ಧಸಕ್ಕಂತು. ಗುದ್ದಲಿ ಬೇರೆ ಇಟ್ಟ ಜಾಗದಲ್ಲಿ ಇರಲಿಲ್ಲ, ಅದು ನಾನೇ ಎಲ್ಲೋ ಮರೆತಿರಬೇಕು, ಈಚೆಗೆ ಹಾಗಾಗ್ತಿದೆ. ಮಾರನೇ ವಾರ ನೀನು ಫೋನು ಮಾಡಿ, ಸಿಕ್ಕಿತು ಅಂದೆ. ಮುಗೀತು ಅಂದ್ಕೊಂಡೆ. ಓದಿದ ಹುಡುಗಿ, ಮಲಗಿದ ತಾಯಿ ಮೈಮೇಲೆ ಗುದ್ದಲಿ ಹಾಕಿಬಿಟ್ಟಳು, ಇನ್ನು ಇವಳ ಮೈಗೆ ಏನಾಗುತ್ತೋ, ಮಡಿಲಿಗೆ ಏನಾಗುತ್ತೋ ಅಂತ ಎರಡು ತಿಂಗಳು ನನಗೆ ಅನ್ನ ಸೇರಿಲ್ಲ. ಒಂದು ಕೋಳಿ ಕೊಯ್ದೆ ಅಲ್ಲಿ. ಮೊಟ್ಟೆ ಇಟ್ಟೆ. ಹೆಂಡ ಎರೆದು, ಶಿಕ್ಷೆ ಕೊಡೋದಿದ್ರೆ ನನ್ನ ಮದ್ದಿಗೆ ಕೊಡು, ನನ್ನ ಹೆಸರಿಗೆ ಕೊಡು, ಹುಡುಗಿಗೆ ಬೇಡ ಅಂತ ಕೇಳಿಕೊಂಡೆ. ಇವತ್ತು ಮೇಷ್ಟ್ರು ಮದ್ದು ಸುಳ್ಳು ಅಂದ ತಕ್ಷಣ, ಸರಿ, ತಾಯಿ ನನ್ನ ಮಾತು ಕೇಳಿದಳು, ತಗೊಂಡಳು ಅಂದ್ಕೊಂಡೆ. ಆಮೇಲೆ ನಾಲಿಗೆಗೆ ಇಟ್ಟೆ. ಪೇಟೆದು! ನಗು ತಡಕೊಳ್ಳೋದೇ ಕಷ್ಟ ಆಯ್ತು ಮಾರಾಯ್ತಿ. ನೀನು ಅಗೆದೇ ಇರಲಿಲ್ಲ."

ಕುಮಾಸಿಯ ಒಳಪೇಟೆಗೆ ಹೋಗುವ ಟ್ರೋಟ್ರೋ ಬಂದು ನಿಂತಿತು. ಬಾಗಿಲಿನಲ್ಲಿ ಜೋತುಬಿದ್ದವನು ಊರುಗಳ ಹೆಸರು ಕೂಗುತ್ತ, ಬೇಗ ಹತ್ತಜ್ಜ, ಅಂದ. ಅವಳು ಮಾವನ ಮೊಣಕೈ ಹಿಡಿದು ಹತ್ತಿಸಿದಳು. ಮಂಡಿ ಮಡಚುವಾಗ ಅವನ ಬಾಯಿಂದ ಒಂದು ಸಣ್ಣ ನರಳಿಕೆ ಬಂತು. ಬೋರ್ಡಿನ ಮಾತು ಕೇಳಬೇಕೆಂದು ಅವಳು ಬಾಯಿ ತೆರೆದಳು. ಅದನ್ನು ಕಂಡವನಂತೆ ಅವನೇ ಕೈಯಾಡಿಸಿದ.

"ಬೋರ್ಡು ಹೋದರೆ ಒಲೆಗೆ ಸೌದೆ ಆಯ್ತು. ನೀನು ಈ ವಿಷಯ ಇನ್ನು ಯಾರ ಹತ್ತಿರಾನೂ ಎತ್ತಬೇಡ, ಎಲ್ಲ ಮುಗೀತು." ಪಕ್ಕದಲ್ಲಿ ಕೂತ ಹೆಂಗಸಿನ ಕಡೆ ತಿರುಗಿ, "ನನ್ನ ತಂಗಿ ಮಗಳು. ಇಷ್ಟು ದೊಡ್ಡ ಕಾಲೇಜಿನಲ್ಲಿದ್ದಾಳೆ, ಆದರೂ ಗುರುವಾರ ಮಣ್ಣು ಮುಟ್ಟಲ್ಲ," ಎಂದ. ಹೆಂಗಸು ಅಫ್ರಾಕೋಮಾಳನ್ನು ನೋಡಿ, ಒಳ್ಳೆ ಹೊಟ್ಟೇಲಿ ಹುಟ್ಟಿದ್ದಾಳೆ, ಎಂದಳು. ವ್ಯಾನು ಅಲುಗಿತು. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಮುಖದಲ್ಲಿ ಇನ್ನೊಂದೇ ಒಂದು ಸಣ್ಣ ಅನುಮಾನ ಉಳಿದಿತ್ತು, ಅದನ್ನೂ ಇಲ್ಲೇ ಇಳಿಸಿ ಹೋಗುವ ಅವಸರವಿತ್ತು.

"ಹಾಗಾದ್ರೆ ಆ ಮಣ್ಣು ಕೆದರಿದ್ದು ಯಾವುದು ತಾಯಿ? ಕಾಡುಹಂದಿನಾ?"

ಅವಳು ವ್ಯಾನಿನ ಜೊತೆಗೇ ನಾಲ್ಕು ಹೆಜ್ಜೆ ನಡೆದಳು.

"ಹೌದು ಮಾವ," ಅಂದಳು. "ಹಂದಿ."